ಎರೆಮಣ್ಣು ಮತ್ತು ಪತ್ತೇದಾರನ ಅನುಮಾನ
ಷರ್ಲಾಕ್ ಹೋಮ್ಸ್‌ನಂತಹ ಪತ್ತೇದಾರರು ಶುದ್ಧ ತರ್ಕದಿಂದಲೇ ಸತ್ಯವನ್ನು ತಲುಪುತ್ತಾರೆ ಎಂಬ ಮಾತನ್ನು ನಾನು ಒಪ್ಪಲಾರೆ. 1887ರಲ್ಲಿ ಪ್ರಕಟವಾದ ಮೊದಲ ಕಥೆಯಲ್ಲಿ ಹೋಮ್ಸ್, ಬಿಸಿಲಿಗೆ ಕಪ್ಪಾದ ಮುಖ, ಬಿಳಿಯ ಮಣಿಕಟ್ಟು ಮತ್ತು ಗಾಯಗೊಂಡ ತೋಳನ್ನು ಕಂಡು ಸೇನಾ ವೈದ್ಯ ವ್ಯಾಟ್ಸನ್ ಅಫ್ಘಾನಿಸ್ತಾನದಿಂದ ಬಂದವನೆಂದು ಹೇಳಿಬಿಡುತ್ತಾನೆ. ಆದರೆ ಕಥೆ ನಡೆಯುವ 1880ರ ಆಸುಪಾಸಿನಲ್ಲಿಯೇ ಬ್ರಿಟಿಷ್ ಸೈನ್ಯ ದಕ್ಷಿಣ ಆಫ್ರಿಕಾದ ಬಿಸಿಲಿನಲ್ಲಿಯೂ ಕಾದಾಡಿತ್ತು; ಆ ಕುರುಹುಗಳು ಅಲ್ಲಿಂದ ಬಂದವನಿಗೂ ಹೊಂದುತ್ತವೆ.

ಹೊಗೆಯಿಂದ ಬೆಂಕಿಯನ್ನು ಅರಿಯುವುದಕ್ಕೆ ನಮ್ಮ ಪ್ರಾಚೀನ ತರ್ಕಶಾಸ್ತ್ರವಾದ ನ್ಯಾಯದರ್ಶನವು ಎಲ್ಲಿಯೂ ತಪ್ಪದ ವ್ಯಾಪ್ತಿಯನ್ನು, ಅಂದರೆ ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುವಂತಹ ನಂಟನ್ನು ಕೇಳುತ್ತದೆ, ಅದು ತಪ್ಪಿದ ಹೇತುವನ್ನು (ಕಾರಣವನ್ನು) ಹೇತ್ವಾಭಾಸ, ಅಂದರೆ ಹುಸಿ ಕಾರಣವೆಂದು ತಳ್ಳಿಹಾಕುತ್ತದೆ. ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ ಇಳಿದ ರೈತರೊಬ್ಬರ ಚಪ್ಪಲಿಗೆ ಅಂಟಿದ ಎರೆಮಣ್ಣನ್ನು ನೋಡಿ, ಅವರು ನವಲಗುಂದದವರೇ ಎಂದು ಯಾರಾದರೂ ಖಚಿತವಾಗಿ ಹೇಳಬಹುದೇ? ಅಣ್ಣಿಗೇರಿ, ಗದಗ, ರೋಣಗಳ ಎರೆಯೂ ಅಷ್ಟೇ ಕಪ್ಪು, ಮಳೆಯಲ್ಲಿ ಅಷ್ಟೇ ಜಿಗುಟು. ಅವರು ಕೆಂಪು ಮಣ್ಣಿನ ಹೊಲದಿಂದ ಬಂದವರಲ್ಲ ಎಂಬ ಊಹೆಗೆ ಮಾತ್ರ ಅಲ್ಲಿ ಬಲವಿದೆ.

ಹೋಮ್ಸ್‌ನ ಕಲ್ಪನೆಗೆ ಪ್ರೇರಣೆಯಾದ ಎಡಿನ್‌ಬರೋ ವೈದ್ಯ ಜೋಸೆಫ್ ಬೆಲ್ ಅವರ ಎದುರು ಉತ್ತರಿಸಬಲ್ಲ ರೋಗಿ ಇರುತ್ತಿದ್ದ. ಊಹೆ ತಪ್ಪಿದ್ದರೆ ಆತ ಅಲ್ಲಗಳೆಯಬಹುದಿತ್ತು. ಕಥೆಯ ಪಾತ್ರಕ್ಕೆ ಆ ಅಪಾಯವಿಲ್ಲ, ಏಕೆಂದರೆ ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡ ಲೇಖಕನೇ ಸುಳಿವುಗಳನ್ನೂ ಇಟ್ಟಿರುತ್ತಾನೆ.