"ಐನೂರೇ ಪ್ರಿಂಟ್ ಆಗಿದ್ದು" ಅಂದವರು ಯಾರು?

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಒಬ್ಬರು ಬಿಗ್ ಫನ್ ಬಬಲ್‌ಗಮ್ ಜೊತೆ ಬರುತ್ತಿದ್ದ ಹಳೆ ಕ್ರಿಕೆಟ್ ಕಾರ್ಡನ್ನು ಮಾರಾಟಕ್ಕೆ ಇಟ್ಟಿದ್ದರು. ಕೆಳಗೆ "ಐನೂರೇ ಪ್ರಿಂಟ್ ಆಗಿದ್ದು" ಅಂತ ಬೇರೆ. ಯಾರು ಎಣಿಸಿದ್ದು ಸ್ವಾಮಿ?

ಹಾಸನದಲ್ಲಿ ಪ್ರೆಸ್ ಇಟ್ಟಿರುವ ಯಾರನ್ನಾದರೂ ಕೇಳಿ. ನಾಲ್ಕು ಬಣ್ಣದ ಆಫ್‌ಸೆಟ್ ಅಂದರೆ ನಾಲ್ಕು ಪ್ಲೇಟ್ ಮಾಡಿಸಲೇಬೇಕು. ಐನೂರು ಹೊಡೆದರೂ ಆ ಖರ್ಚು ತಪ್ಪಲ್ಲ. ಮದುವೆ ಕಾರ್ಡಿಗೆ ಐನೂರು ಸರಿ. ಚಿಲ್ಲರೆ ಕಾಸಿನ ಗಮ್ ಜೊತೆ ಪುಕ್ಕಟೆ ಕೊಡುವುದಕ್ಕೆ ಯಾವ ಕಂಪನಿ ಐನೂರು ಹೊಡೆಸುತ್ತೆ?

ಅಚ್ಚಾಗಿದ್ದು ಬೇರೆ, ಉಳಿದಿದ್ದು ಬೇರೆ. ಆ ಕಾರ್ಡಿನ ಮೇಲೆ ರನ್ನು, ವಿಕೆಟ್ಟು ಇರುತ್ತಿತ್ತು. ಕೂಡಿಸಿ ಅಂಗಡಿಗೆ ಕೊಟ್ಟರೆ ಫ್ಲಿಪ್ ಬುಕ್ (ಪುಟ ಸರಸರ ತಿರುವಿದರೆ ಚಿತ್ರ ಓಡುವ ಪುಟ್ಟ ಪುಸ್ತಕ) ಸಿಗುತ್ತಿತ್ತು. ಹಾಗೆ ಎಷ್ಟೋ ಕಾರ್ಡು ವಾಪಸ್ ಹೋದವು. ಮಿಕ್ಕಿದ್ದರಲ್ಲಿ ಸಕಲೇಶಪುರದ ಮಳೆಗಾಲ ದಾಟಿ ಬೂಷ್ಟು ಹಿಡಿಯದೆ ಉಳಿದವು ಎಷ್ಟು ಹೇಳಿ?

ಅಮೆರಿಕದಲ್ಲೂ ಇದೇ ಕಥೆ. 1954ರ ವಿಲ್ಸನ್ ಫ್ರಾಂಕ್ಸ್ ಬೇಸ್‌ಬಾಲ್ ಕಾರ್ಡು ಒಟ್ಟು 20. ಸಾಸೇಜ್ ಪ್ಯಾಕೆಟ್ಟಿನೊಳಗೇ ಹಾಕಿ ಮಾರಿದ್ದರು, ಹಾಗಾಗಿ ಜಿಡ್ಡು ಹತ್ತದ ಪ್ರತಿ ಸಿಗುವುದು ಕಷ್ಟ. ಅಚ್ಚೇ ಕಡಿಮೆ ಅನ್ನುವುದಕ್ಕೆ ಇದು ಸಾಕ್ಷಿ ಅಲ್ಲ. ದುಡ್ಡು ತಗೊಂಡು ಕಾರ್ಡಿನ ಸ್ಥಿತಿಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡುವ ಗ್ರೇಡಿಂಗ್ ಕಂಪನಿಗಳು, ತಮ್ಮ ಹತ್ತಿರ ಎಷ್ಟು ಬಂದವು ಅಂತ ಕೊಡುವ ಪಟ್ಟಿಯನ್ನೂ ಕಣ್ಮುಚ್ಚಿ ನಂಬಬೇಡಿ. ಒಂದೇ ಕಾರ್ಡನ್ನು ಡಬ್ಬಿ ಒಡೆದು ಮತ್ತೆ ಕಳಿಸಿದರೆ ಎರಡು ಅಂತ ಲೆಕ್ಕಕ್ಕೆ ಬರಬಹುದು. ಇನ್ನು ಅಗ್ಗದ ಕಾರ್ಡನ್ನು ದುಡ್ಡು ಕೊಟ್ಟು ಯಾರು ಕಳಿಸ್ತಾರೆ? ಅವು ಆ ಪಟ್ಟಿಗೇ ಬರಲ್ಲ.

ಬೆಲೆ ನೋಡಿಯೂ ಸಂಖ್ಯೆ ಹೇಳಕ್ಕಾಗಲ್ಲ. ಟಾಪ್ಸ್ ಅನ್ನುವ ಅಮೆರಿಕದ ಗಮ್ ಕಂಪನಿ 1952ರಲ್ಲಿ ತಂದ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್ ಕಾರ್ಡು ಅಚ್ಚಿನ ಒಂದೇ ಹಾಳೆಯಲ್ಲಿ ಎರಡು ಸಲ ಇತ್ತು, ಅಂದರೆ ಹಾಳೆಯಲ್ಲಿ ಒಂದೇ ಸಲ ಇದ್ದ ಕಾರ್ಡುಗಳಿಗಿಂತ ದುಪ್ಪಟ್ಟು ಅಚ್ಚಾಗಿದ್ದು. ಅದರ ಒಂದು ಪ್ರತಿ 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತು.

ನನಗೆ ಸರಿ ಅನಿಸುವುದು ಕೆರೆ ಮೀನು ಎಣಿಸುವ ಲೆಕ್ಕ. ಹಿಡಿದ ಮೀನಿಗೆ ಗುರುತು ಹಾಕಿ ಬಿಡುತ್ತಾರೆ. ಮತ್ತೆ ಬಲೆ ಬೀಸಿದಾಗ ಗುರುತಿನವು ಎಷ್ಟು ಬಂದವು ಅಂತ ನೋಡುತ್ತಾರೆ. ಹಳೆ ಕಾರ್ಡಿಗೆ ಗುರುತು ಹಾಕುವುದೇ ಬೇಡ. ಒಂದೊಂದರ ಮಡಿಕೆ, ಕಲೆ, ವಾರೆಯಾಗಿ ಕತ್ತರಿಸಿದ ಅಂಚು, ಎಲ್ಲ ಬೇರೆ ಬೇರೆ. ಉದಾಹರಣೆಗೆ, ಈ ವರ್ಷ ಒಬ್ಬ ಆಟಗಾರನ 40 ಕಾರ್ಡಿನ ಫೋಟೋ ಸಿಕ್ಕಿತು ಅಂದುಕೊಳ್ಳಿ. ಮುಂದಿನ ವರ್ಷ 30 ನೋಡಿದಿರಿ, ಅದರಲ್ಲಿ 12 ಹಳೇವೇ. 40ನ್ನು 30ರಿಂದ ಗುಣಿಸಿ 12ರಿಂದ ಭಾಗಿಸಿ. ನೂರು. ಮಾರಾಟಕ್ಕೆ ಓಡಾಡುತ್ತಿರುವವು ಹೆಚ್ಚುಕಡಿಮೆ ಅಷ್ಟು. ಅಟ್ಟದ ಟ್ರಂಕಿನಲ್ಲಿ ಮಲಗಿರುವವು ಈ ಲೆಕ್ಕಕ್ಕೆ ಸಿಗಲ್ಲ. ಹಾಗಾಗಿ "ಕನಿಷ್ಠ ಇಷ್ಟಿವೆ" ಅನ್ನಬಹುದು. "ಇಷ್ಟೇ ಅಚ್ಚಾಗಿದ್ದು" ಅನ್ನುವ ಹಾಗಿಲ್ಲ.

ಹಾಸನ, ಚಿಕ್ಕಮಗಳೂರು ಕಡೆ ಯಾರ ಹತ್ತಿರ ಈ ಕಾರ್ಡುಗಳಿದ್ದರೂ ಎರಡೂ ಬದಿ ಫೋಟೋ ತೆಗೆದು ಕಾಮೆಂಟಿನಲ್ಲಿ ಹಾಕಿ. ಒರೆಸಿ, ಇಸ್ತ್ರಿ ಮಾಡಿ ಚೆಂದ ಮಾಡಲು ಹೋಗಬೇಡಿ, ಪ್ಲೀಸ್. ನನಗೆ ಬೇಕಿರುವುದೇ ಆ ಕಲೆ. ಬೆಲೆ ಎಷ್ಟು ಅಂತ ಮಾತ್ರ ಕೇಳಬೇಡಿ.