ಅಮ್ಮನ ಇಂಗಿನ ಡಬ್ಬಿ

ಅವತ್ತು ಅಮಾವಾಸ್ಯೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಏನೂ ಮಾಡುವಂತಿರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಆಗಲೇ 43 ಜನ ಹೆಬ್ಬೆಟ್ಟು ಒತ್ತಿಯಾಗಿತ್ತು. ಭಾನುವಾರ ಬೆಳಗ್ಗೆ ಐದೂವರೆಗೆ ಸೈಕಲ್ ಹೊರಗೆ ತೆಗೆಯುವಾಗ ಅಮ್ಮ ಕ್ಯಾಲೆಂಡರ್ ಮುಂದೆ ನಿಂತಿದ್ದಳು.

“ಅಮಾವಾಸ್ಯೆ ದಿನ ಯಾರಾದ್ರೂ ಪ್ರಯಾಣ ಹೊರಡ್ತಾರೇನೋ?”

“ಪ್ರಯಾಣ ಅಲ್ಲಮ್ಮ, ಸೈಕಲ್ಲು. ಶ್ರೀರಂಗಪಟ್ಟಣಕ್ಕೆ ಹೋಗಿ ಬಂದುಬಿಡ್ತೀವಿ.”

“ಏನಿದೆ ಅಲ್ಲಿ?”

“ನಿನ್ನೆ ನಾನು ಬಚ್ಚಿಟ್ಟು ಬಂದಿರೋ ಡಬ್ಬಿಗಳಿವೆ. ಹುಡುಕಬೇಕು.”

ಅಮ್ಮ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ, “ಅಂದ ಹಾಗೆ, ನನ್ನ ಇಂಗಿನ ಡಬ್ಬಿ ಎರಡು ದಿನದಿಂದ ಕಾಣ್ತಿಲ್ಲ” ಅಂದಳು. ನಾನು ಪೆಡಲ್ ತುಳಿದೆ.

ಈ ಆಟಕ್ಕೆ ಜಿಯೋಕ್ಯಾಶಿಂಗ್ ಅಂತ ಹೆಸರು. ಜಿಪಿಎಸ್ ಸಂಕೇತದಲ್ಲಿ ಬೇಕಂತಲೇ ತಪ್ಪು ಬೆರೆಸುತ್ತಿದ್ದ ಅಮೆರಿಕ ಸರ್ಕಾರ 2000ನೇ ಇಸವಿಯ ಮೇ ತಿಂಗಳ ಶುರುವಿನಲ್ಲಿ ಅದನ್ನು ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ಸತ್ಯ ಹೇಳತೊಡಗಿತು. ಮೇ 3ರಂದು ಡೇವ್ ಉಲ್ಮರ್ ಅನ್ನೋರು ಆರೆಗಾನ್ ರಾಜ್ಯದ ಕಾಡೊಂದರಲ್ಲಿ ಒಂದು ಬಕೆಟ್ ಇಟ್ಟು, ಅದು ಎಲ್ಲಿದೆ ಅಂತ ಅಕ್ಷಾಂಶ ರೇಖಾಂಶ ಹಾಕಿ, ಹುಡುಕಿಕೊಳ್ಳಿ ಅಂದರು. ಬಕೆಟ್‌ನಲ್ಲಿ ಪುಸ್ತಕ, ಕವಣೆ, ಜೊತೆಗೆ ಒಂದು ಡಬ್ಬ ಬೇಯಿಸಿದ ಕಾಳು. ಈಗ ಲೋಕದ ತುಂಬಾ ಲಕ್ಷಗಟ್ಟಲೆ ಡಬ್ಬಿಗಳಿವೆ. ಹುಡುಕಿದವರು ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಮೊದಲು ಹುಡುಕಿದವರಿಗೆ ಮರ್ಯಾದೆ ಜಾಸ್ತಿ. ಇದೆಲ್ಲ ಸುತ್ತಮುತ್ತ ಇರುವವರಿಗೆ ಗೊತ್ತಾಗದಂತೆ ನಡೆಯಬೇಕು.

ಈ ಕೊನೆಯ ನಿಯಮ ಮಾಡಿದವರು ಒಂದು ಸಲ ನಮ್ಮ ಕಡೆ ಬಂದು ಹೋಗಬೇಕಿತ್ತು. ನಮ್ಮಲ್ಲಿ ಚಪ್ಪಲಿ ಸರಿ ಮಾಡಿಕೊಳ್ಳೋಕೆ ಬಗ್ಗಿದರೂ ನಾಲ್ಕು ಜನ ನಿಂತು ‘ಏನ್ ಬಿತ್ತು?’ ಅಂತ ಕೇಳ್ತಾರೆ.

ನಮ್ಮದು ಲೆಕ್ಕಪತ್ರವಿಲ್ಲದ ಮನೆಮಟ್ಟಿನ ಆಟ. ಆದರೂ ನಾನು ನಿಯಮದ ಮನುಷ್ಯ. ಎರಡು ಡಬ್ಬಿಗಳ ನಡುವೆ 161 ಮೀಟರ್ ಅಂತರ ಇರಬೇಕು, ಇಟ್ಟೆ. ನೆಲ ಅಗೆದು ಹೂಳಬಾರದು, ಹೂಳಲಿಲ್ಲ. ಕೋಟೆ, ಗುಂಬಜ್, ದರಿಯಾ ದೌಲತ್ ಥರದ ಹಳೆಯ ಕಟ್ಟಡಗಳ ಹತ್ತಿರ ಸುಳಿಯಲೂ ಇಲ್ಲ. ತಿನ್ನುವ ವಸ್ತು ಇಡಬಾರದು. ಉಲ್ಮರ್ ಕಾಳಿನ ಡಬ್ಬ ಇವತ್ತಾಗಿದ್ದರೆ ಪಾಸಾಗುತ್ತಿರಲಿಲ್ಲ. ಇದನ್ನು ಅಣ್ಣನ ಮಗನಿಗೆ ಎರಡೆರಡು ಸಲ ಹೇಳಿದ್ದೆ. ಅವನು ಮೂರನೇ ಡಬ್ಬಿಗೆ ಗುಟ್ಟಾಗಿ ನಾಲ್ಕು ಚಾಕಲೇಟು ತುರುಕಿದ್ದು ನನಗೆ ಗೊತ್ತಾಗಿದ್ದು ಭಾನುವಾರ. ನದಿ ಪಕ್ಕದ ಮರದ ಮೇಲೆ ಕೂತು ಒಂದು ಕೋತಿ ನಮ್ಮ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಹರಿದು ಕೆಳಗೆ ಬಿಡುತ್ತಿತ್ತು. ಮೊದಲು ಹುಡುಕಿದ ಮರ್ಯಾದೆ ಅದಕ್ಕೇ ಸಲ್ಲಬೇಕು.

ನಾನು ಮುಂದಕ್ಕೆ ಹೋಗಿಬಿಟ್ಟೆ. 43 ಹೆಬ್ಬೆಟ್ಟಿನಲ್ಲಿ ಬಂದಿದ್ದು, ನನ್ನನ್ನೂ ಸೇರಿಸಿ, 11 ಜನ. ಎಕ್ಸ್‌ಪ್ರೆಸ್ ಹೆದ್ದಾರಿಗೆ ಸೈಕಲ್ಲುಗಳನ್ನು ಬಿಡೋದಿಲ್ಲ. ಹಾಗಾಗಿ ಸರ್ವಿಸ್ ರಸ್ತೆ ಹಿಡಿದೆವು. ಅದರಲ್ಲಿ ಎದುರಿಂದ ಬರುವ ಬೈಕು, ಅಡ್ಡ ಮಲಗಿದ ನಾಯಿ, ಕಬ್ಬಿನ ಟ್ರ್ಯಾಕ್ಟರು ಎಲ್ಲಕ್ಕೂ ಸಮಾನ ಹಕ್ಕು. ನಾಲ್ಕು ಕಿಲೋಮೀಟರ್ ಆಗಿರಲಿಲ್ಲ, ಗುಂಪಿನ ಅತ್ಯಂತ ದುಬಾರಿ ಸೈಕಲ್ಲಿಗೆ ಜಾಲಿ ಮುಳ್ಳು ಚುಚ್ಚಿತು. ಪಂಕ್ಚರ್ ಅಂಗಡಿಯವನು ಟ್ಯೂಬ್ ಹೊರಗೆಳೆದು ಪ್ಯಾಚ್ ಹಾಕಿದ. ಗಾಳಿ ಹೊಡೆಯಲು ಹೋದರೆ ಪಂಪು ಕೂರುತ್ತಿಲ್ಲ. ಆ ಸೈಕಲ್ಲಿಗೆ ಕಡ್ಡಿಯಂಥ ತೆಳು ವಾಲ್ವ್. ಅದಕ್ಕೆ ಬೆರಳ ತುದಿಯಷ್ಟು ಸಣ್ಣ ಹಿತ್ತಾಳೆ ತುಂಡು ಬೇಕಂತೆ. ಅದು ಮನೆಯಲ್ಲಿದೆಯಂತೆ. “ಅರವತ್ತು ಸಾವಿರ ಕೊಟ್ರಾ ಸಾರ್ ಇದಕ್ಕೆ?” ಅಂತ ಕೇಳಿದ ಅಂಗಡಿಯವನು, ಉತ್ತರ ಬರುವ ಮೊದಲೇ ನಮ್ಮಪ್ಪನ ಕಾಲದ ನನ್ನ ಅಟ್ಲಾಸ್ ಸೈಕಲ್ಲಿನ ಸೀಟು ತಟ್ಟಿ, “ಇದಕ್ಕೆ ಯಾವೂರಲ್ಲಾದ್ರೂ ಗಾಳಿ ಸಿಗ್ತದೆ” ಅಂದ. ಹಿಂದಿನಿಂದ ಬಂದ ಇನ್ನೊಬ್ಬರ ಚೀಲದಲ್ಲಿ ಆ ತುಂಡು ಸಿಕ್ಕುವವರೆಗೆ ಮುಕ್ಕಾಲು ಗಂಟೆ ಹೋಯಿತು.

ಮೊದಲ ಡಬ್ಬಿ ಎಲ್ಲರಿಗೂ ಸಿಕ್ಕಿತು. ಎರಡನೆಯದಕ್ಕೆ ನಮ್ಮ ಗಣಿತದ ಮೇಷ್ಟ್ರು, ನಿವೃತ್ತರು, “ನಾನು ಮುಂದೆ ಹೋಗಿರ್ತೀನಿ” ಅಂತ ಹೊರಟರು. ಚೀಟಿಯಲ್ಲಿ ನಾನು ಉತ್ತರಕ್ಕೆ 12° 25.2, ಪೂರ್ವಕ್ಕೆ 76° 42.5 ಅಂತ ಬರೆದಿದ್ದೆ. ಈ ಆಟದವರು ಹಾಗೇ ಬರೆಯೋದು, ಡಿಗ್ರಿ ಆದಮೇಲೆ ಮಿನಿಟು. ಡಿಗ್ರಿಗೆ 60 ಮಿನಿಟು ಅಂತ ಮೂವತ್ತು ವರ್ಷ ಪಾಠ ಮಾಡಿದವರು ಫೋನಿನಲ್ಲಿ ಸೀದಾ 12.252, 76.425 ಅಂತ ಒತ್ತಿಬಿಟ್ಟಿದ್ದಾರೆ. ಡಬ್ಬಿ ಇದ್ದದ್ದು ಗುಂಬಜ್ ರಸ್ತೆಯಿಂದಾಚೆ. ಫೋನು ಹೇಳಿದ್ದು 36 ಕಿಲೋಮೀಟರ್ ಆಚೆ, ಮೈಸೂರನ್ನೂ ದಾಟಿ ಹುಣಸೂರು, ಎಚ್.ಡಿ. ಕೋಟೆ ಕಡೆಗೆ. ಮೇಷ್ಟ್ರು ಎದುರು ಮಾತಾಡದೆ ಬಂದ ದಾರಿಯಲ್ಲೇ ವಾಪಸು ಹೊರಟರು. ಒಂಬತ್ತೂವರೆಗೆ ಅವರ ಫೋನ್ ಬಂತು.

“ಎರಡನೇದು ಸ್ವಲ್ಪ ದೂರ ಆಯ್ತು ಕಣ್ರೀ. ದಾರೀಲೇ ನಮ್ಮನೆ ಸಿಕ್ತು, ತಿಂಡಿಗೆ ಕೂತಿದ್ದೀನಿ. ಉಪ್ಪಿಟ್ಟು.”

ಅವರು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ತಪ್ಪು ನನ್ನದೇ ಇರಬೇಕು ಅನ್ನುವಷ್ಟು ಸಮಾಧಾನವಾಗಿ ಮಾತಾಡಿದರು.

ಇನ್ನು ನಾಲ್ಕನೆಯದು. ಅದೇ ಇಂಗಿನ ಡಬ್ಬಿ. ಹಳದಿ ಬಣ್ಣ, ಮುಚ್ಚಳ ಗಟ್ಟಿ, ನೀರು ಹೋಗಲ್ಲ. ಇಂಥ ಡಬ್ಬಿಗೆ ಆರೆಗಾನ್‌ನಲ್ಲಿ ಎಷ್ಟು ಡಾಲರ್ ಕೊಡಬೇಕೋ. ಶನಿವಾರ ಸಂಜೆ ಅದನ್ನು ರಸ್ತೆ ಪಕ್ಕದ ಒಂದು ಅರಳಿಕಟ್ಟೆಯ ಸಂದಿಯಲ್ಲಿಟ್ಟು, ಮೇಲೊಂದು ಕಲ್ಲು ಮುಚ್ಚಿ ಬಂದಿದ್ದೆ. ಭಾನುವಾರ ಕಲ್ಲು ಇತ್ತು, ಡಬ್ಬಿ ಇರಲಿಲ್ಲ. ನಾನೇ ಸಂದಿ ಮರೆತಿರಬೇಕು ಅಂದುಕೊಂಡೆ. ಮರದ ಕೆಳಗೆ ಜಿಪಿಎಸ್ ಹತ್ತು ಮೀಟರ್ ಅತ್ತಿತ್ತ ಆಗೋದು ಮಾಮೂಲಿ. ಊರೂ ಅಂಥದ್ದೇ. ಜೋಡಿ ರೈಲು ಹಳಿಗಾಗಿ 2017ರಲ್ಲಿ ಟಿಪ್ಪು ಕಾಲದ ಶಸ್ತ್ರಾಗಾರವನ್ನೇ ಬುಡಸಮೇತ ಎತ್ತಿ ನೂರು ಮೀಟರ್‌ಗೂ ಆಚೆ ಇಟ್ಟ ಜಾಗ ಇದು. ಒಂದು ಇಂಗಿನ ಡಬ್ಬಿ ಯಾವ ಲೆಕ್ಕ?

ಕಟ್ಟೆ ಪಕ್ಕದಲ್ಲೇ ಒಂದು ಪೆಟ್ಟಿಗೆ ಅಂಗಡಿ. ಹತ್ತು ಟೀ, ನಾಲ್ಕು ಬನ್ ಹೇಳಿದೆವು. ಕುಡಿಯುತ್ತಲೇ ಹುಡುಕಿದೆವು. ಒಬ್ಬರು ಕಲ್ಲು ಎತ್ತಿ ನೋಡುತ್ತಿದ್ದರೆ ಇನ್ನೊಬ್ಬರು ಫೋನ್ ಹಿಡಿದು ಮರ ಸುತ್ತುತ್ತಿದ್ದರು. ಅಣ್ಣನ ಮಗ ನಾಗರಕಲ್ಲಿನ ಹಿಂದೆ ಟಾರ್ಚ್ ಬಿಟ್ಟ. ಅಲ್ಲಿಗೆ ಮುಗಿಯಿತು.

“ಏನ್ ತಡಕ್ತಾ ಇದೀರಿ?” ಅಂತ ಹಿಂದಿನಿಂದ ಒಂದು ದನಿ.

ನೋಡಿದರೆ ಇಪ್ಪತ್ತು ಜನ. ಅಮಾವಾಸ್ಯೆ ಆದ್ದರಿಂದ ನಿಮಿಷಾಂಬ ದೇವಸ್ಥಾನಕ್ಕೆ ಹೊರಟಿದ್ದ ಎರಡು ಕಾರೂ ನಿಂತಿವೆ. “ಒಂದು ಡಬ್ಬಿ ಸರ್” ಅಂದೆ. “ಡಬ್ಬಿ ಒಳಗೆ?” “ಪುಸ್ತಕ.” “ಪುಸ್ತಕದಲ್ಲಿ?” “ಏನಿಲ್ಲ, ಖಾಲಿ.” ಯಾರೂ ನಂಬಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಅಮಾವಾಸ್ಯೆ ದಿನ, ಅರಳಿಕಟ್ಟೆ, ನಾಗರಕಲ್ಲು, ಟಾರ್ಚು, ಊರಿನವರಲ್ಲದ ಹತ್ತು ಜನ. ನಿಧಿ ಕಳ್ಳರು ಅನ್ನೋಕೆ ಇನ್ನೇನು ಕಮ್ಮಿಯಿತ್ತು, ಒಂದು ನಿಂಬೆಹಣ್ಣು ಬಿಟ್ಟು?

“ಪೊಲೀಸ್‌ಗೆ ಹೇಳ್ರಪ್ಪ” ಅಂತ ಒಬ್ಬರು. ಗಾಬರಿಯಲ್ಲಿ ನಾನು ಮಾಡಬಾರದ ಕೆಲಸ ಮಾಡಿದೆ. ನಿಜವನ್ನು ಬಿಡಿಸಿ ಹೇಳಿದೆ. “ಇದು ಸ್ಯಾಟಲೈಟ್ ನೋಡಿ ಹುಡುಕೋ ಆಟ. ಮೇಲಿಂದ ಸಿಗ್ನಲ್ ಬರುತ್ತೆ, ಫೋನು ಜಾಗ ತೋರಿಸುತ್ತೆ.”

ಗುಂಪು ಸುಮ್ಮನಾಯಿತು. ಹಿಂದಿನ ಸಾಲಿಗೆ ಅದು ತಲುಪುವಷ್ಟರಲ್ಲಿ ‘ಸ್ಯಾಟಲೈಟಲ್ಲಿ ಚಿನ್ನ ಕಾಣ್ತದಂತೆ’ ಆಗಿತ್ತು. ಪೊಲೀಸ್ ಅಂದಿದ್ದ ಯಜಮಾನರೇ ನನ್ನ ಭುಜ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. “ಬುದ್ಧಿ, ನಮ್ಮ ಹಿತ್ಲಲ್ಲಿ ಒಂದ್ ಜಾಗ ಅದೆ. ನಮ್ಮ ತಾತನ ಕಾಲದಿಂದ ಹೇಳ್ಕಂಡು ಬಂದವ್ರೆ. ಸುಮ್ಕೆ ಒಂದ್ಸಲ ಆ ಫೋನ್ ಹಿಡೀರಿ.” ಬೇಡ ಅನ್ನುವ ಧೈರ್ಯ ನನಗಿರಲಿಲ್ಲ. ಹಿತ್ತಲಿಗೆ ಹೋದೆ. ನುಗ್ಗೆ ಮರದ ಬುಡದಲ್ಲಿ ಫೋನ್ ಹಿಡಿದು ನಿಂತೆ. ಅದೇ ಹೊತ್ತಿಗೆ ಮೇಷ್ಟ್ರ ಮೆಸೇಜು ಬಂದು ಫೋನು ‘ಟಿಣ್’ ಅಂದಿತು.

ಮುಂದಿನ ಐದು ನಿಮಿಷ ನನಗೆ ಸರಿಯಾಗಿ ನೆನಪಿಲ್ಲ. ಮನೆಯವರೆಲ್ಲ ಹೊರಗೆ ಬಂದರು. ಯಾರೋ ಗುದ್ದಲಿ ತಂದರು. ನಾನು ನೀರು ಕುಡಿದು ಬರ್ತೀನಿ ಅಂತ ಹೊರಗೆ ಬಂದವನು ಅಟ್ಲಾಸ್ ಹತ್ತಿದೆ. ಉಳಿದವರೂ ಹತ್ತಿದರು. ಐದನೇ ಡಬ್ಬಿಯ ಸುದ್ದಿ ಯಾರೂ ಎತ್ತಲಿಲ್ಲ.

ಅಮ್ಮ ಮಾತ್ರ ಬಿಡಲಿಲ್ಲ. “ಇಂಗು ಹಾಳಾಗಿ ಹೋಗಲಿ, ಡಬ್ಬಿ ತಾ. ಅಂಥ ಮುಚ್ಚಳ ಈಗ ಬರಲ್ಲ.” ಮುಂದಿನ ಭಾನುವಾರ ಒಬ್ಬನೇ ಹೋದೆ, ತಲೆಗೆ ಹೆಲ್ಮೆಟ್, ಮುಖಕ್ಕೆ ಕರ್ಚೀಫು. ಪೆಟ್ಟಿಗೆ ಅಂಗಡಿಯಲ್ಲಿ, ಬನ್ ಜಾಡಿ ಪಕ್ಕ, ಹಳದಿ ಡಬ್ಬಿ ಕೂತಿತ್ತು. ಅದರ ತುಂಬಾ ಚಿಲ್ಲರೆ. ನಮ್ಮ ಪುಸ್ತಕ ದಾರ ಕಟ್ಟಿಸಿಕೊಂಡು ಮೊಳೆಯಲ್ಲಿ ನೇತಾಡುತ್ತಿತ್ತು. ಪೆನ್ಸಿಲ್ ಅಂಗಡಿಯ ಅಕ್ಕನ ಮುಡಿಯಲ್ಲಿತ್ತು.

“ಶನಿವಾರ ನೀವು ಮಡಗ್ತಾ ಇದ್ದಾಗ್ಲೇ ನೋಡ್ದೆ” ಅಂದರು. “ಮಾಟ ಇರ್ಬೇಕು ಅಂತ ಕೋಲಲ್ಲಿ ಎಳ್ದೆ. ಬಿಚ್ಚಿದ್ರೆ ಪುಸ್ತಕ.”

“ಮತ್ತೆ ನಾವು ಅಷ್ಟು ಹೊತ್ತು ಒದ್ದಾಡುವಾಗ ಹೇಳಬಾರದಿತ್ತಾ ಅಕ್ಕ?”

“ಹೇಳ್ಬೋದಿತ್ತು. ನೀವು ಹುಡುಕ್ತಾ ಇದ್ದಷ್ಟು ಹೊತ್ತು ಜನ ನಿಂತಿದ್ರು, ಟೀ ಹೋಗ್ತಾ ಇತ್ತು. ಅವತ್ತು ಸಂಜೆಗಂಟ ಬರೋ ಹಾಲು ಹತ್ತೂವರೆಗೇ ಮುಗೀತು.”

ಪುಸ್ತಕ ಕೊಡಿ ನೋಡೋಣ ಅಂದೆ. ಮೊದಲ ಪುಟದ ತಲೆಯಲ್ಲಿ ನಾನೇ ಬರೆದದ್ದು ಹಾಗೇ ಇತ್ತು: ‘ಮೊದಲು ಹುಡುಕಿದವರ ಹೆಸರು’. ಅದರ ಕೆಳಗೆ ಪೆನ್ಸಿಲ್‌ನಲ್ಲಿ ದುಂಡನೆಯ ಅಕ್ಷರ:

‘ಸೈಕಲ್ ನಿಧಿಯೋರು. ಟೀ 10, ಬನ್ 4. ಒಟ್ಟು 140. ಬರಬೇಕು.’