ಉಭಯ ಕುಶಲೋಪರಿ, ಇಂತಿ ನಿಮ್ಮ ಸೆನೆಟರ್

ಅಮೆರಿಕದ ಸಂಸದರು ಮತದಾರರಿಗೆ ಆಗಾಗ ಓಲೆ ಬರೆಯುತ್ತಾರೆ. ಅಂಚೆ ಚೀಟಿ ಬೇಕಿಲ್ಲ, ಆ ಜಾಗದಲ್ಲಿ ಅವರ ಸಹಿ ಇದ್ದರೆ ಸಾಕು. ಖರ್ಚು ಖಜಾನೆಯದು. ಅಂದರೆ ನಿಮ್ಮ ಸಂಸದರು ಎಷ್ಟು ಒಳ್ಳೆಯವರು ಅನ್ನೋದನ್ನು ನಿಮಗೆ ತಿಳಿಸಲು ನೀವೇ ದುಡ್ಡು ಕೊಟ್ಟಿರುತ್ತೀರಿ. ಚುನಾವಣೆಗೆ 60 ದಿನ ಇರುವಾಗ ಸ್ಪರ್ಧೆಯಲ್ಲಿರುವವರು ಇಂಥ ರಾಶಿ ಪತ್ರ ಕಳಿಸುವಂತಿಲ್ಲ. ಅದಕ್ಕಿಂತ ಮುಂಚೆ ಕಳಿಸಿದರೆ ಅದು ಪ್ರಚಾರ ಅಲ್ಲ, ಮಾಹಿತಿ.

ಡೆಮಾಕ್ರಟರೂ ಬರೆಯುತ್ತಾರೆ, ಅವರ ಸರದಿ ಇನ್ನೊಂದು ದಿನ. ಹಳ್ಳಿಗಾಡಿನ ರಾಜ್ಯಗಳ ರಿಪಬ್ಲಿಕನ್ನರ ಓಲೆಗೆ ಮಾತ್ರ ಅದರದ್ದೇ ಗಮ್ಮತ್ತು. ಅವರು ಸದಾ ಹೋರಾಡುತ್ತಿರುತ್ತಾರೆ. ರೈತನಿಗಾಗಿ ಹೋರಾಟ, ಹಳ್ಳಿ ಆಸ್ಪತ್ರೆಗಾಗಿ ಹೋರಾಟ. ಯಾರ ವಿರುದ್ಧ ಅಂತ ಮಾತ್ರ ಕೇಳಬಾರದು.

ಮಿಸೌರಿಯ ಸೆನೆಟರ್ ಜೋಶ್ ಹಾಲಿ ಅವರನ್ನೇ ನೋಡಿ. ಬಡವರ ಆರೋಗ್ಯ ಯೋಜನೆ ಮೆಡಿಕೇಡ್‌ಗೆ ಕತ್ತರಿ ಹಾಕುವುದು ನೈತಿಕವಾಗಿ ತಪ್ಪು, ರಾಜಕೀಯವಾಗಿ ಆತ್ಮಹತ್ಯೆ ಅಂತ 2025ರ ಮೇ ತಿಂಗಳಲ್ಲಿ ಪತ್ರಿಕೆಗೆ ಬರೆದರು. ಜುಲೈ 1ರಂದು ಟ್ರಂಪ್ ಅವರ 'ದೊಡ್ಡ ಸುಂದರ ಮಸೂದೆ' ಸೆನೆಟ್‌ನಲ್ಲಿ ಮತಕ್ಕೆ ಬಂತು. ಹತ್ತು ವರ್ಷದಲ್ಲಿ ಮೆಡಿಕೇಡ್‌ನಿಂದ ಸುಮಾರು 900 ಬಿಲಿಯನ್ ಡಾಲರ್ ಕಡಿತ. ಹಾಲಿ 'ಹೌದು' ಅಂದರು. 50–50 ಆಗಿ, ಉಪಾಧ್ಯಕ್ಷ ವ್ಯಾನ್ಸ್ ಮತದಿಂದ ಪಾಸಾಯಿತು. ಇವರೊಬ್ಬರು 'ಇಲ್ಲ' ಅಂದಿದ್ದರೆ ಅವತ್ತೇ ಮಸೂದೆ ಮಕಾಡೆ ಮಲಗುತ್ತಿತ್ತು. ಜುಲೈ 15ಕ್ಕೆ ಅದೇ ಹಾಲಿ ಅದೇ ಕಡಿತದ ಒಂದು ಭಾಗ ರದ್ದು ಮಾಡಲು ಹೊಸ ಮಸೂದೆ ತಂದರು! ಎದುರಾಳಿ ಯಾರು ಅಂತ ಈಗ ಗೊತ್ತಾಯಿತಲ್ವಾ?

ಹಳ್ಳಿ ಆಸ್ಪತ್ರೆಗಳು ಬಾಗಿಲು ಹಾಕಿದರೆ ಅಂತ ಅಳುಕಿ, ರಿಪಬ್ಲಿಕನ್ನರು ಆ 'ದೊಡ್ಡ ಸುಂದರ' ಕಾನೂನಿನಲ್ಲೇ ಐದು ವರ್ಷಕ್ಕೆ 50 ಬಿಲಿಯನ್ ಡಾಲರ್ ನಿಧಿಯನ್ನೂ ಸೇರಿಸಿದರು. ಓಲೆಯಲ್ಲಿ ದಪ್ಪ ಅಕ್ಷರ ಯಾವ ಅಂಕಿಗೆ ಅಂತ ಹೇಳಬೇಕಾಗಿಲ್ಲ.

ಸೋಯಾಬೀನ್ ಕಥೆಯೂ ಇದೇ. ಸುಂಕ ಏರಿಸುವ ಮುಂಚೆ, ಇನ್ನು ದೇಶದೊಳಗೇ ಮಾರಲು ಜಾಸ್ತಿ ಬೆಳೆಯಿರಿ, ಮಜಾ ಮಾಡಿ ಅಂತ ಟ್ರಂಪ್ ರೈತರಿಗೆ ಬರೆದರು. ಅತಿ ದೊಡ್ಡ ಗಿರಾಕಿ ಚೀನಾ ತಿಂಗಳುಗಟ್ಟಲೆ ಒಂದು ಕಾಳೂ ಕೊಳ್ಳಲಿಲ್ಲ. ಡಿಸೆಂಬರ್‌ನಲ್ಲಿ ರೈತರಿಗೆ 12 ಬಿಲಿಯನ್ ಡಾಲರ್ ಪರಿಹಾರ ಘೋಷಣೆಯಾಯಿತು. ಕಾಲು ಮುರಿದವರೇ ಊರುಗೋಲು ಕೊಟ್ಟರೆ ಥ್ಯಾಂಕ್ಸ್ ಹೇಳದೆ ಇರೋಕಾಗುತ್ತಾ?

ಇಷ್ಟೆಲ್ಲ ಸಾಧನೆಯನ್ನು ಜನರ ಎದುರೇ ನಿಂತು ಹೇಳಬಹುದಲ್ಲ? ಅಯೋವಾದ ಸೆನೆಟರ್ ಜೋನಿ ಅರ್ನ್ಸ್ಟ್ ಹೇಳಿ ನೋಡಿದರು. 2025ರ ಮೇ 30ರ ಸಭೆಯಲ್ಲಿ, ಮೆಡಿಕೇಡ್ ಹೀಗೆ ಕತ್ತರಿಸಿದರೆ ಜನ ಸಾಯುತ್ತಾರೆ ಅಂತ ಯಾರೋ ಕೂಗಿದರು. 'ನಾವೆಲ್ಲ ಸಾಯೋರೇ' ಅಂದರು ಮೇಡಂ. ವೈರಾಗ್ಯದಲ್ಲಿ ನಮ್ಮ ದಾಸರನ್ನೂ ಮೀರಿಸಿದರು. ಮರುದಿನ ಸ್ಮಶಾನದಲ್ಲಿ ನಡೆಯುತ್ತಾ ಕ್ಷಮೆ ಕೇಳುವ ವಿಡಿಯೊ ಬಂತು. ಎಲ್ಲರೂ ಒಂದು ದಿನ ಹೋಗುವವರೇ ಅನ್ನೋದು ಎಲ್ಲರಿಗೂ ಗೊತ್ತಿದೆ ಅಂದುಕೊಂಡಿದ್ದೆ ಅಂತ ವ್ಯಂಗ್ಯ ಬೇರೆ. ಅಮರರಾಗಬೇಕು ಅನ್ನೋರಿಗೆ ಏಸುವಿನ ವಿಳಾಸವನ್ನೂ ಕೊಟ್ಟರು. ಹೋಗಲಿ, ಸ್ಥಳದ ಆಯ್ಕೆಯಲ್ಲಾದರೂ ಪ್ರಾಮಾಣಿಕತೆ ಇತ್ತು.

ಕೆಳಮನೆಯ ರಿಪಬ್ಲಿಕನ್ ಚುನಾವಣಾ ಸಮಿತಿಯ ಮುಖ್ಯಸ್ಥ ರಿಚರ್ಡ್ ಹಡ್ಸನ್ ಬುದ್ಧಿವಂತರು. ಎದುರಾಬದುರಾ ಸಭೆ ಬೇಡ ಅಂತ ಮಾರ್ಚ್‌ನಲ್ಲೇ ತಮ್ಮವರಿಗೆ ಸಲಹೆ ಕೊಟ್ಟಿದ್ದರು. ಓಲೆ ಎದುರು ಮಾತಾಡಲ್ಲ ನೋಡಿ.

ಈ ಕಲೆಯಲ್ಲಿ ಗುರುಸ್ಥಾನ ಅಲಬಾಮಾದ ಟಾಮಿ ಟ್ಯೂಬರ್‌ವಿಲ್ ಅವರಿಗೇ ಸಲ್ಲಬೇಕು. 2021ರ ಮೂಲಸೌಕರ್ಯ ಮಸೂದೆಗೆ ಅವರು 'ಇಲ್ಲ' ಅಂದಿದ್ದರು. ಅದೇ ಕಾನೂನಿನಿಂದ 2023ರಲ್ಲಿ ಅಲಬಾಮಾದ ಬ್ರಾಡ್‌ಬ್ಯಾಂಡ್‌ಗೆ 1.4 ಬಿಲಿಯನ್ ಡಾಲರ್ ಬಂತು. ಹಣ ಬಂದಿದ್ದು ಬಹಳ ಸಂತೋಷ ಅಂತ ಟ್ಯೂಬರ್‌ವಿಲ್ ಟ್ವೀಟ್ ಮಾಡಿದರು. ಅಧ್ಯಕ್ಷ ಬೈಡನ್ ಉತ್ತರಿಸಿದರು: ಗುದ್ದಲಿ ಪೂಜೆಯಲ್ಲಿ ಸಿಗೋಣ.